ಅಣ್ಣನ ಕುಡಿತ, ಅತ್ತಿಗೆಯ ಖಿನ್ನತೆ: ಸರ್ಕಾರಿ ವ್ಯವಸ್ಥೆಯಲ್ಲಿ ಚಿಕಿತ್ಸೆ ಹುಡುಕಿದ ಅನುಭವ

ನನ್ನ ಅಣ್ಣನ ಮದ್ಯವ್ಯಸನಕ್ಕೆ ಚಿಕಿತ್ಸೆಯನ್ನೂ, ಅವನೊಂದಿಗೆ ಬದುಕುತ್ತಲೇ ಖಿನ್ನತೆಗೆ ಜಾರಿದ್ದ ಅತ್ತಿಗೆಗೆ ಆಪ್ತಸಮಾಲೋಚನೆಯನ್ನೂ ನಮ್ಮ ಆದಾಯಕ್ಕೆ ಎಟುಕುವ ಖರ್ಚಿನಲ್ಲಿ ಹುಡುಕಿಕೊಳ್ಳುವ ಕೆಲಸ ಈಗ ಒಂದು ಘಟ್ಟಕ್ಕೆ ಬಂದು ನಿಂತಿದೆ. ಅಣ್ಣ ಸರಕು ಸಾಗಿಸುವ ಟೆಂಪೊ ಓಡಿಸುತ್ತಾನೆ, ನಾನು ಒಂದು ಗೋದಾಮಿನಲ್ಲಿ ಲೆಕ್ಕ ಬರೆಯುತ್ತೇನೆ. ಇಬ್ಬರ ಸಂಪಾದನೆ ಸೇರಿದರೂ ದೊಡ್ಡ ಖಾಸಗಿ ಆಸ್ಪತ್ರೆಯ ಮೆಟ್ಟಿಲು ಹತ್ತುವ ಸ್ಥಿತಿ ನಮ್ಮದಲ್ಲ. ನಮಗೆ ಬೇಕಾಗಿದ್ದ ಸೇವೆಗಳಲ್ಲಿ ಹೆಚ್ಚಿನವು ನಮ್ಮ ತಾಲ್ಲೂಕು ಮತ್ತು ಜಿಲ್ಲಾ ಕೇಂದ್ರಗಳಲ್ಲಿಯೇ, ಬಹುಮಟ್ಟಿಗೆ ಉಚಿತವಾಗಿಯೇ ಇದ್ದವು. ಆದರೆ ಯಾವುದು ಎಲ್ಲಿದೆ, ಯಾರನ್ನು ಮೊದಲು ಕಾಣಬೇಕು, ಯಾವ ಕಾಗದ ಒಯ್ಯಬೇಕು ಎಂದು ಕೂರಿಸಿಕೊಂಡು ಹೇಳುವವರು ಯಾರೂ ಇರಲಿಲ್ಲ. ಇದೇ ಸ್ಥಿತಿಯಲ್ಲಿರುವ ಇನ್ನೊಂದು ಮನೆಯವರಿಗೆ ಅಷ್ಟಾದರೂ ಸಿಗಲಿ ಎಂದು ಬರೆಯುತ್ತಿದ್ದೇನೆ. ಅಣ್ಣ, ಅತ್ತಿಗೆ ಇಬ್ಬರೂ ಒಪ್ಪಿದ್ದಾರೆ. ಅವರ ಹೆಸರನ್ನಾಗಲಿ ಊರಿನ ಹೆಸರನ್ನಾಗಲಿ ಹೇಳುವುದಿಲ್ಲ.

ಅಣ್ಣ ವರ್ಷಗಳಿಂದ ಕುಡಿಯುತ್ತಿದ್ದ. ರಾತ್ರಿಯ ಕುಡಿತ ಬೆಳಗಿಗೆ ಹರಡಿದಾಗ ನಮಗೆ ನಿಜವಾದ ಭಯ ಹುಟ್ಟಿತು. ಎದ್ದ ಕೂಡಲೇ ಅವನ ಕೈ ನಡುಗುತ್ತಿತ್ತು. ಸ್ವಲ್ಪ ಒಳಗೆ ಹೋದ ಮೇಲೆಯೇ ನಡುಕ ನಿಂತು ಅವನು ಸ್ಟೀರಿಂಗ್ ಹಿಡಿಯುತ್ತಿದ್ದ. ಬಂಧುಗಳು ತಮಗೆ ತಿಳಿದ ದಾರಿಗಳನ್ನು ಹೇಳಿದರು. ದೇವರ ಮುಂದೆ ಆಣೆ ಮಾಡಿಸಿ ಎಂದರು ಕೆಲವರು, ಮದ್ಯವರ್ಜನ ಶಿಬಿರಕ್ಕೆ ಸೇರಿಸಿ ಎಂದರು ಇನ್ನು ಕೆಲವರು. ನಮ್ಮ ಸೋದರತ್ತೆ ಒಂದು ಪುಡಿಯ ಪೊಟ್ಟಣವನ್ನೇ ತಂದುಕೊಟ್ಟು, ಗೊತ್ತಾಗದ ಹಾಗೆ ಅನ್ನಕ್ಕೆ ಬೆರೆಸಿದರೆ ಕುಡಿತ ತಾನಾಗಿಯೇ ಬಿಟ್ಟುಹೋಗುತ್ತದೆ ಎಂದರು. ಅದರಲ್ಲಿ ಏನಿದೆ ಎಂದು ಪೊಟ್ಟಣದ ಮೇಲೆ ಎಲ್ಲಿಯೂ ಬರೆದಿರಲಿಲ್ಲವಾದ್ದರಿಂದ ಅತ್ತಿಗೆ ಅದನ್ನು ಬಳಸಲು ಒಪ್ಪಲಿಲ್ಲ. ಅವರ ನಿರ್ಧಾರ ಎಷ್ಟು ಸರಿಯಾಗಿತ್ತೆಂದು ಮುಂದೆ ವೈದ್ಯರು ಹೇಳಿದಾಗ ತಿಳಿಯಿತು. ಡೈಸಲ್ಫಿರಾಮ್ ಎಂಬ ಔಷಧ ಸೇವಿಸಿದವರು ಮದ್ಯ ಕುಡಿದರೆ ಮುಖ ಕೆಂಪೇರುತ್ತದೆ, ವಾಂತಿಯಾಗುತ್ತದೆ, ಎದೆ ಜೋರಾಗಿ ಬಡಿದುಕೊಳ್ಳುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಕೆಲವೊಮ್ಮೆ ಪ್ರಾಣಕ್ಕೇ ಕುತ್ತು ಬರುತ್ತದೆ. ಹಾಗಾಗಿ ರೋಗಿಗೆ ಎಲ್ಲವನ್ನೂ ತಿಳಿಸಿ, ಅವನ ಒಪ್ಪಿಗೆ ಪಡೆದ ಮೇಲೆಯೇ ವೈದ್ಯರು ಅದನ್ನು ಕೊಡುತ್ತಾರೆ. ಅಂಥದ್ದನ್ನು ಬೆರೆಸಿದ ಪುಡಿಯನ್ನು ಕದ್ದುಮುಚ್ಚಿ ಊಟದಲ್ಲಿ ಹಾಕುವುದೆಂದರೆ ಮನೆಯವರ ಕೈಯಿಂದಲೇ ವಿಷ ಕೊಟ್ಟಂತೆ.

ಅದೇ ದಿನಗಳಲ್ಲಿ ನಾನು ಒಂದು ಖಾಸಗಿ ವ್ಯಸನಮುಕ್ತಿ ಕೇಂದ್ರಕ್ಕೂ ಹೋಗಿ ಬಂದೆ. ಮೂರು ತಿಂಗಳು ಕಡ್ಡಾಯವಾಗಿ ಇರಬೇಕು, ತಿಂಗಳಿಗೆ 18,000 ರೂಪಾಯಿ, ಅದರಲ್ಲಿ ಎರಡು ತಿಂಗಳಿನದನ್ನು ಮುಂಗಡವಾಗಿ ಕಟ್ಟಬೇಕು, ಮೊದಲ ಕೆಲವು ವಾರ ಮನೆಯವರು ನೋಡಲು ಬರುವಂತಿಲ್ಲ ಎಂದರು. ಮನೋವೈದ್ಯರು ಯಾವಾಗ ಬರುತ್ತಾರೆ ಎಂದು ಕೇಳಿದರೆ ‘ಕರೆದಾಗ ಬರುತ್ತಾರೆ’ ಎಂಬ ಉತ್ತರ ಬಂತು. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ತೋರಿಸಿ ಎಂದಾಗ ಮಾತು ಬೇರೆ ಕಡೆಗೆ ತಿರುಗಿತು. ರೋಗಿ ತಾನಾಗಿ ಬರದಿದ್ದರೆ ರಾತ್ರಿ ವಾಹನ ಕಳಿಸಿ ಎತ್ತಿಕೊಂಡು ಬರುತ್ತೇವೆ ಎಂಬ ಅವರ ಮಾತು ಕೇಳಿ ನಾನು ಅಲ್ಲಿಂದ ಎದ್ದು ಬಂದೆ. ಒಳ್ಳೆಯ ಖಾಸಗಿ ಕೇಂದ್ರಗಳೂ ಇವೆ, ಅವುಗಳಿಂದ ಬದುಕು ಕಟ್ಟಿಕೊಂಡವರನ್ನು ಬಲ್ಲೆ. ಹಣ ಕಟ್ಟುವ ಮೊದಲು ನೋಂದಣಿ ಪತ್ರವನ್ನು ಕಣ್ಣಾರೆ ನೋಡಿ, ಚಿಕಿತ್ಸೆ ಕೊಡುವ ಮನೋವೈದ್ಯರನ್ನು ನೀವೇ ಭೇಟಿಯಾಗಿ, ಕುಟುಂಬದವರ ಭೇಟಿಗೆ ಅವಕಾಶವಿದೆಯೇ ಎಂದು ಕೇಳಿ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಒಳಗೊಳ್ಳುತ್ತದೆ. ಆ ಕಾಯ್ದೆಯ ಪ್ರಕಾರ ರೋಗಿಯನ್ನು ಯಾವುದೇ ರೀತಿಯಲ್ಲಿ ಸರಪಳಿಯಿಂದ ಕಟ್ಟುವಂತಿಲ್ಲ.

ನಮಗೆ ಸರಿಯಾದ ದಾರಿ ತೋರಿದ್ದು ಒಂದು ದೂರವಾಣಿ ಕರೆ. ನಮ್ಮ ಬೀದಿಯ ಆಶಾ ಕಾರ್ಯಕರ್ತೆ ಅತ್ತಿಗೆಯ ಮುಖ ನೋಡಿಯೇ ಏನನ್ನೋ ಊಹಿಸಿ, ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416 ಅನ್ನು ಬರೆದುಕೊಟ್ಟಿದ್ದರು. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಪ್ರಧಾನ ಕೇಂದ್ರವಾಗಿದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಹಣ ಕೊಡಬೇಕಾಗಿಲ್ಲ. ಆ ಸಂಖ್ಯೆ ಸಿಗದಿದ್ದರೆ 1800-891-4416 ಕೂಡ ಇದೆ. ಭಾಷೆ ಆರಿಸಿಕೊಂಡ ಮೇಲೆ ಕನ್ನಡದಲ್ಲಿಯೇ ಒಬ್ಬ ಆಪ್ತಸಮಾಲೋಚಕಿ ಮಾತನಾಡಿದರು. ಅಣ್ಣನೇ ಕರೆ ಮಾಡಬೇಕೇನೋ ಎಂಬ ಸಂಕೋಚ ನನಗಿತ್ತು. ಕುಟುಂಬದವರೂ ಮಾತನಾಡಬಹುದು ಎಂದು ಅವರು ಹೇಳಿದ ಮೇಲೆ ನಾನು ಎಷ್ಟು ಹೊತ್ತು ಮಾತನಾಡಿದೆನೋ ನೆನಪಿಲ್ಲ. ಅಷ್ಟು ದಿನ ಯಾರ ಮುಂದೆಯೂ ಹೇಳಿಕೊಳ್ಳಲಾಗದ್ದನ್ನೆಲ್ಲ ಅವರು ನಡುವೆ ತಡೆಯದೆ ಕೇಳಿಸಿಕೊಂಡರು.

ಕೇಳಿಸಿಕೊಂಡ ಮೇಲೆ ಅವರು ಹೇಳಿದ ಮೊದಲ ಮಾತು ನನ್ನನ್ನು ಗಾಬರಿಗೊಳಿಸಿತು. ಅಣ್ಣನಿಗೆ ಇವತ್ತೇ, ಈಗಿಂದೀಗಲೇ ಕುಡಿತ ನಿಲ್ಲಿಸು ಎಂದು ಒತ್ತಾಯಿಸಬೇಡಿ ಎಂದರು. ಬೆಳಗಿನ ನಡುಕ ಇರುವವರು, ದಿನವಿಡೀ ಕುಡಿಯುವವರು, ಹಿಂದೆ ಬಿಟ್ಟಾಗ ಫಿಟ್ಸ್ ಬಂದವರು ವೈದ್ಯರ ನೆರವಿಲ್ಲದೆ ಒಮ್ಮೆಗೇ ಮದ್ಯ ನಿಲ್ಲಿಸಿದರೆ ಅಪಾಯವಿದೆ: ಕೊನೆಯ ಬಾರಿ ಕುಡಿದ ಕೆಲವೇ ಗಂಟೆಗಳಲ್ಲಿ ನಡುಕ, ಬೆವರು, ನಿದ್ರಾಹೀನತೆ ಶುರುವಾಗುತ್ತವೆ, ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಎರಡು ಮೂರು ದಿನಗಳ ಹೊತ್ತಿಗೆ ಇಲ್ಲದ್ದು ಕಾಣುವ, ಇಲ್ಲದ ಸದ್ದು ಕೇಳುವ, ಎಲ್ಲಿದ್ದೇನೆಂಬುದೇ ತಿಳಿಯದ ಸನ್ನಿ ಕಾಣಿಸಿಕೊಳ್ಳಬಹುದು. ಇದನ್ನು ನಾನು ಇಲ್ಲಿ ಒತ್ತಿ ಬರೆಯುತ್ತಿದ್ದೇನೆ, ಏಕೆಂದರೆ ಕೋಣೆಯಲ್ಲಿ ಕೂಡಿಹಾಕಿ ಬಿಡಿಸುವ ಪದ್ಧತಿ ನಮ್ಮ ಊರುಗಳಲ್ಲಿ ಇನ್ನೂ ಇದೆ. ಶಿಬಿರಕ್ಕೆ ಕಳಿಸುವವರು ಕೂಡ ಅಲ್ಲಿ ವೈದ್ಯರು ಮತ್ತು ದಾದಿಯರು ಇರುತ್ತಾರೆಯೇ, ತುರ್ತು ಬಂದರೆ ಯಾವ ಆಸ್ಪತ್ರೆಗೆ ಸೇರಿಸುತ್ತಾರೆ ಎಂದು ತಿಳಿದುಕೊಂಡೇ ಕಳಿಸಬೇಕು.

ನಮ್ಮ ಜಿಲ್ಲೆಯ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಎಲ್ಲಿ ಕೂರುತ್ತದೆ ಎಂಬುದನ್ನೂ ಅವರೇ ತಿಳಿಸಿದರು. ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ 1982ರಲ್ಲಿ ಶುರುವಾದ ಮೇಲೆ, ಹಳ್ಳಿಗಳ ತನಕ ಈ ಚಿಕಿತ್ಸೆಯನ್ನು ಒಯ್ಯುವುದು ಹೇಗೆಂದು ನಿಮ್ಹಾನ್ಸ್‌ನವರು ನಮ್ಮ ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿಯೇ ಪ್ರಯೋಗ ಮಾಡಿದರು. ಆ ಮಾದರಿಯನ್ನು ಅನುಸರಿಸಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಆಸ್ಪತ್ರೆಗಳಲ್ಲಿ ಇದನ್ನು ಡಿಎಂಎಚ್‌ಪಿ ಎನ್ನುತ್ತಾರೆ. ವಿಚಾರಣೆಯ ಕಿಟಕಿಯಲ್ಲಿ ಹಾಗೆ ಕೇಳಿದರೆ ಬೇಗ ಕೋಣೆ ತೋರಿಸುತ್ತಾರೆ. ಕರ್ನಾಟಕದಲ್ಲಿ ಮನೋಚೈತನ್ಯ ಎಂಬ ಕಾರ್ಯಕ್ರಮದ ಅಡಿಯಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ರೋಗಿಗಳನ್ನು ನೋಡುವ ಏರ್ಪಾಡಿದೆ. ಯಾವ ವಾರ ಯಾವ ತಾಲ್ಲೂಕು ಎಂಬುದನ್ನು ಮುಂಚೆಯೇ ಆಸ್ಪತ್ರೆಗೆ ಕರೆ ಮಾಡಿ ಖಚಿತಪಡಿಸಿಕೊಳ್ಳಿ. ನಾವು ಮೊದಲ ಸಲ ಹೋದ ಮಂಗಳವಾರ ವೈದ್ಯರು ಜಿಲ್ಲಾ ಸಭೆಗೆ ಹೋಗಿದ್ದರು. ಅಣ್ಣನನ್ನು ಒಪ್ಪಿಸಿ ಕರೆತಂದ ಆ ಒಂದು ಬೆಳಗು ವ್ಯರ್ಥವಾದಾಗ ನನಗಾದ ಸಂಕಟ ಸಣ್ಣದಲ್ಲ, ಏಕೆಂದರೆ ಇಂಥವರು ‘ಆಯ್ತು, ಬರ್ತೀನಿ’ ಎನ್ನುವ ಗಳಿಗೆ ಬಹಳ ಅಪರೂಪದ್ದು.

ಅವನನ್ನು ಒಪ್ಪಿಸಿದ ಬಗೆಯನ್ನೂ ಹೇಳಬೇಕು. ಕುಡಿದಿರುವಾಗ ಈ ಮಾತು ಎತ್ತಬೇಡಿ, ಬೆಳಿಗ್ಗೆ ತಲೆ ತಿಳಿಯಾಗಿರುವಾಗ, ಜಗಳದ ನೆನಪು ತೆಗೆಯದೆ ಒಂದೇ ಒಂದು ವಿಷಯ ಕೇಳಿ ಎಂದು ಸಹಾಯವಾಣಿಯವರು ಹೇಳಿದ್ದರು. ನಾನು ಕೇಳಿದ್ದು ಇಷ್ಟೇ: ‘ಅಣ್ಣ, ನಿನ್ನ ಕೈ ನಡುಗೋದಕ್ಕೆ ಡಾಕ್ಟರ ಹತ್ತಿರ ಏನಾದರೂ ಮಾತ್ರೆ ಇದೆಯಾ ಕೇಳೋಣ್ವಾ?’ ಕುಡಿತ ಬಿಡಿಸುವ ಮಾತಿಗೆ ಬಾಗಿಲು ಮುಚ್ಚಿಕೊಳ್ಳುತ್ತಿದ್ದವನು ನಡುಕದ ಮಾತಿಗೆ ಸುಮ್ಮನಾದ. ಅವನಿಗೂ ಅದು ಹೆದರಿಕೆ ಹುಟ್ಟಿಸಿತ್ತು ಎಂದು ಆಗಲೇ ನನಗೆ ಗೊತ್ತಾಗಿದ್ದು.

ಒಯ್ಯಬೇಕಾದ ಕಾಗದಗಳ ವಿಚಾರ. ಆಧಾರ್, ಬಿಪಿಎಲ್ ಪಡಿತರ ಚೀಟಿ, ಇವೆರಡರ ನೆರಳಚ್ಚು ಪ್ರತಿಗಳು, ಹಿಂದೆ ಎಲ್ಲಿಯಾದರೂ ತೋರಿಸಿದ್ದರೆ ಆ ಚೀಟಿಗಳು, ಈಗ ನುಂಗುತ್ತಿರುವ ಮಾತ್ರೆಗಳ ಖಾಲಿ ಹಾಳೆಗಳು: ಇಷ್ಟನ್ನು ಒಂದು ಫೈಲಿನಲ್ಲಿ ಇಟ್ಟುಕೊಂಡರೆ ಸಾಕು. ಹೊರರೋಗಿ ಚೀಟಿ ಮಾಡಿಸಲು ನಮಗೆ ತೊಂದರೆಯಾಗಲಿಲ್ಲ. ಒಳರೋಗಿಯಾಗಿ ಸೇರಿಸುವಾಗ ಮಾತ್ರ ಪಡಿತರ ಚೀಟಿಯಲ್ಲಿ ಅಣ್ಣನ ಹೆಸರು ಇನ್ನೂ ಅಪ್ಪನ ಹಳೆಯ ಮನೆಯ ವಿಳಾಸದಲ್ಲಿದ್ದು, ಆಧಾರ್‌ನ ವಿಳಾಸಕ್ಕೆ ಹೊಂದದೆ, ಶುಲ್ಕ ವಿನಾಯಿತಿಗೆ ಅರ್ಧ ದಿನ ಓಡಾಡಬೇಕಾಯಿತು. ಚಿಕಿತ್ಸೆಯನ್ನು ಅದಕ್ಕಾಗಿ ಯಾರೂ ತಡೆಯಲಿಲ್ಲ. ಕಾಗದ ಸರಿಯಿಲ್ಲ ಎಂಬ ಕಾರಣಕ್ಕೆ ಹೋಗುವುದನ್ನೇ ಮುಂದೂಡಬೇಡಿ.

ಕಾಯುವಿಕೆಗೆ ಸಿದ್ಧರಾಗಿ ಹೋಗಬೇಕು. ಬೆಳಿಗ್ಗೆ ಚೀಟಿ ಮಾಡಿಸಿದ ನಮಗೆ ಸರದಿ ಬಂದದ್ದು ಮಧ್ಯಾಹ್ನದ ಮೇಲೆ. ಆ ಹೊತ್ತಿಗೆ ಅಣ್ಣ ಕೊನೆಯ ಬಾರಿ ಕುಡಿದು ಬಹಳ ಗಂಟೆಗಳಾಗಿ, ಅವನ ಅಂಗಿ ಬೆವರಿನಿಂದ ತೊಯ್ದು, ಎದ್ದು ಹೋಗುವ ಚಡಪಡಿಕೆ ಶುರುವಾಗಿತ್ತು. ನಾನು ಒಳಗೆ ಹೋಗಿ ದಾದಿಗೆ ವಿಷಯ ತಿಳಿಸಿದೆ. ಅವರು ಅವನ ನಾಡಿ, ರಕ್ತದೊತ್ತಡ ನೋಡಿ ಮುಂದಕ್ಕೆ ಕಳಿಸಿದರು. ನಿಮ್ಮವರಿಗೂ ಹೀಗಾಗುತ್ತಿದ್ದರೆ ಸರದಿಯ ಸಂಕೋಚ ಬಿಟ್ಟು ದಾದಿಗೆ ತಿಳಿಸಿ, ಅದು ತುರ್ತು ಸ್ಥಿತಿಯೇ. ಆ ಬೆಂಚುಗಳ ಮೇಲೆ ನಮ್ಮಂತೆಯೇ ಕೂತಿದ್ದ ಹೆಂಡತಿಯರು, ತಾಯಂದಿರು, ಹದಿಹರೆಯದ ಮಗನೊಂದಿಗೆ ಬಂದಿದ್ದ ಒಬ್ಬ ತಂದೆ, ಇವರೆಲ್ಲರೂ ಇನ್ನೊಬ್ಬರ ಕಣ್ಣು ತಪ್ಪಿಸುತ್ತಿದ್ದರು. ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಮದ್ಯಸೇವನೆಯ ಸಮಸ್ಯೆ ಇರುವ ನೂರು ಜನರಲ್ಲಿ ಸುಮಾರು 86 ಜನರಿಗೆ ಚಿಕಿತ್ಸೆಯೇ ತಲುಪುವುದಿಲ್ಲ. ಇದನ್ನು ಓದಿದ ಮೇಲೆ ಆ ಬೆಂಚಿನ ತನಕ ಬಂದವರ ಬಗ್ಗೆ ನನಗೆ ಇನ್ನಷ್ಟು ಗೌರವ ಬಂದಿದೆ.

ಮನೋವೈದ್ಯರು ಅಣ್ಣನನ್ನು ‘ನೀವು’ ಎಂದೇ ಕರೆದರು. ಎಷ್ಟು ಕುಡಿಯುತ್ತೀರಿ, ಶುರು ಮಾಡಿದ ಮೇಲೆ ನಿಲ್ಲಿಸಲಾಗದೆ ಹೋಗುವುದು ಎಷ್ಟು ಸಲ, ಬೆಳಿಗ್ಗೆ ಕುಡಿಯಬೇಕಾಗುತ್ತದೆಯೇ ಎಂದು ಒಂದು ಹಾಳೆ ನೋಡಿಕೊಂಡು ಕೇಳಿದರು. ಅದು ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ 10 ಪ್ರಶ್ನೆಗಳ ಆಡಿಟ್ ಎಂಬ ಪರೀಕ್ಷೆಯಂತೆ. ಗರಿಷ್ಠ ಅಂಕ 40, ಎಂಟು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಗಮನಿಸಬೇಕು, 20 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅವಲಂಬನೆ ಬೆಳೆದಿರುವ ಶಂಕೆ. ಅಣ್ಣನ ಅಂಕ 20ನ್ನು ಎಷ್ಟೋ ದಾಟಿತ್ತು. ‘ಇದು ನಿಮ್ಮ ಮನಸ್ಸು ಗಟ್ಟಿಯಿಲ್ಲ ಅಂತ ಆಗಿರೋದಲ್ಲ, ಮಿದುಳು ಮದ್ಯಕ್ಕೆ ಒಗ್ಗಿಹೋಗಿದೆ. ಅದಕ್ಕೆ ಚಿಕಿತ್ಸೆ ಇದೆ’ ಎಂದರು. ಇಷ್ಟು ವರ್ಷ ‘ಮಾನಗೆಟ್ಟವನು’ ಎಂಬ ಬೈಗುಳ ಮಾತ್ರ ಕೇಳಿದ್ದ ಅಣ್ಣ ತಲೆ ತಗ್ಗಿಸಿಕೊಂಡು ಅತ್ತ. ವೈದ್ಯರು ಅವನ ಅಳು ನಿಲ್ಲುವವರೆಗೆ ಪೆನ್ನು ಕೆಳಗಿಟ್ಟು ಕಾದರು.

ಅಂದೇ ಅವನನ್ನು ಜಿಲ್ಲಾ ಆಸ್ಪತ್ರೆಗೆ ಕಳಿಸಿದರು. ಅಣ್ಣ ತಾನೇ ಸಹಿ ಹಾಕಿ ಸೇರಿದ. ಇದನ್ನು ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಸ್ವತಂತ್ರ ದಾಖಲಾತಿ ಎನ್ನುತ್ತದೆ. ರೋಗಿ ತನಗೋ ಇತರರಿಗೋ ಅಪಾಯ ತಂದುಕೊಳ್ಳುವ ಸ್ಥಿತಿಯಲ್ಲಿದ್ದು, ಚಿಕಿತ್ಸೆಯ ಬಗ್ಗೆ ನಿರ್ಧರಿಸಲು ಹೆಚ್ಚಿನ ನೆರವು ಬೇಕಾಗಿದ್ದರೆ, ಅವನು ನೇಮಿಸಿದ ಪ್ರತಿನಿಧಿಯ ಅರ್ಜಿಯ ಮೇಲೆ, ಮನೋವೈದ್ಯರೊಬ್ಬರೂ ಸೇರಿ ಇಬ್ಬರು ಬೇರೆಬೇರೆಯಾಗಿ ಪರೀಕ್ಷಿಸಿದ ನಂತರ 30 ದಿನಗಳವರೆಗೆ ಸೇರಿಸಿಕೊಳ್ಳಲು 89ನೇ ಕಲಂ ಅವಕಾಶ ಕೊಡುತ್ತದೆ. ರೋಗಿ ಒಪ್ಪದಿದ್ದರೆ ಏನು ಗತಿ ಎಂದು ಹಲವರು ನನ್ನನ್ನು ಕೇಳುತ್ತಾರೆ. ಬಲವಂತದ ವಾಹನ ಹುಡುಕುವ ಮುನ್ನ ಈ ಕಲಮಿನ ಬಗ್ಗೆ ಸರ್ಕಾರಿ ಮನೋವೈದ್ಯರನ್ನೇ ವಿಚಾರಿಸಿ.

ವಾರ್ಡಿನಲ್ಲಿ ಜೊತೆಗೆ ಒಬ್ಬರು ಇರಲೇಬೇಕಾಗಿತ್ತು, ಹಾಗಾಗಿ ನಾನು ಸಂಬಳವಿಲ್ಲದ ರಜೆ ಹಾಕಿದೆ. ನಮ್ಮ ಖರ್ಚಿನಲ್ಲಿ ದೊಡ್ಡ ಪಾಲು ಅದೇ. ನಡುಕ, ಫಿಟ್ಸ್ ತಡೆಯಲು ಲೊರಾಜೆಪಾಮ್ ಕೊಟ್ಟು ದಿನದಿಂದ ದಿನಕ್ಕೆ ಕಡಿಮೆ ಮಾಡುತ್ತ ಬಂದರು. ಜೊತೆಗೆ ಥಯಮಿನ್, ಅಂದರೆ ಬಿ1 ವಿಟಮಿನ್ ಚುಚ್ಚುಮದ್ದು. ಬಹುಕಾಲ ಕುಡಿದವರ ದೇಹದಲ್ಲಿ ಇದು ಬರಿದಾಗಿರುತ್ತದೆ. ಅದನ್ನು ಕೊಡದೆ ಬರಿಯ ಗ್ಲೂಕೋಸ್ ಬಾಟಲಿ ಏರಿಸಿದರೆ ಮಿದುಳಿಗೆ ಹಾನಿಯಾಗಬಹುದು ಎಂದು ವಾರ್ಡಿನ ವೈದ್ಯೆ ವಿವರಿಸಿದರು. ‘ಸುಸ್ತಾಗಿದೆ, ಒಂದು ಡ್ರಿಪ್ ಹಾಕಿಸಿಕೊಂಡು ಬರುತ್ತೇನೆ’ ಎಂದು ಅಣ್ಣ ಹಿಂದೆ ಎಷ್ಟೋ ಸಲ ಹತ್ತಿರದ ಕ್ಲಿನಿಕ್ಕಿಗೆ ಹೋಗಿದ್ದುಂಟು. ಒಂದು ರಾತ್ರಿ ಅವನು ಗೋಡೆಯ ಮೇಲೆ ಇರುವೆಗಳು ಹರಿಯುತ್ತಿವೆ ಎಂದು ಎದ್ದು ಕೂತು ಕೈಯಿಂದ ಒರೆಸತೊಡಗಿದ. ಗೋಡೆಯ ಮೇಲೆ ಏನೂ ಇರಲಿಲ್ಲ. ದಾದಿ ಬಂದು ಔಷಧದ ಪ್ರಮಾಣ ಸರಿಪಡಿಸಿ, ದೀಪ ಆರಿಸಬೇಡಿ, ನೀವು ಯಾರು, ಇದು ಯಾವ ಜಾಗ ಎಂದು ಆಗಾಗ ಅವರಿಗೆ ಹೇಳುತ್ತಿರಿ ಎಂದರು. ಬೆಳಗಿನವರೆಗೆ ನಾನು ‘ಅಣ್ಣ, ನಾನು ನಿನ್ನ ತಮ್ಮ, ನಾವು ಆಸ್ಪತ್ರೆಯಲ್ಲಿದ್ದೇವೆ’ ಎನ್ನುತ್ತಲೇ ಇದ್ದೆ. ಇದು ಮನೆಯಲ್ಲಿ ಆಗಿದ್ದರೆ ದೆವ್ವ ಮೆಟ್ಟಿದೆ ಎನ್ನುವವರೇ ಹೆಚ್ಚಾಗಿರುತ್ತಿದ್ದರು.

ಹಣದ ಲೆಕ್ಕವನ್ನು ಸ್ಪಷ್ಟವಾಗಿ ಹೇಳುತ್ತೇನೆ. ಹಾಸಿಗೆ, ವೈದ್ಯರ ಸೇವೆ, ಆಸ್ಪತ್ರೆಯಲ್ಲಿ ಲಭ್ಯವಿದ್ದ ಔಷಧಗಳಿಗೆ ನಾವು ಹಣ ಕೊಡಲಿಲ್ಲ. ಯಕೃತ್ತಿನ ಒಂದೆರಡು ಪರೀಕ್ಷೆಗಳನ್ನು ಹೊರಗೆ ಮಾಡಿಸಬೇಕಾಯಿತು, ಔಷಧ ದಾಸ್ತಾನು ಮುಗಿದಿದ್ದ ವಾರ ಕೆಲವನ್ನು ಹೊರಗೆ ಕೊಂಡೆವು. ಅಂಥ ಹೊತ್ತಿನಲ್ಲಿ ಬ್ರಾಂಡಿನ ಹೆಸರು ಬಿಟ್ಟು ಔಷಧದ ಮೂಲ ಹೆಸರನ್ನು ಬರೆಸಿಕೊಂಡು ಜನೌಷಧಿ ಕೇಂದ್ರದಲ್ಲಿ ಕೇಳಿ. ಸಿಕ್ಕವು ಬಹಳ ಅಗ್ಗವಾಗಿ ಸಿಕ್ಕವು. ನನ್ನ ಕಂಪನಿಯ ಮೂಲಕ ಅಣ್ಣನ ಹೆಸರೂ ಸೇರಿದ್ದ ಒಂದು ಆರೋಗ್ಯ ವಿಮೆಯಿತ್ತು. ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಸಿಗಬೇಕು ಎಂದು ಕಾಯ್ದೆಯ 21ನೇ ಕಲಂ ಹೇಳುತ್ತದೆಂಬ ಭರವಸೆಯಿಂದ ಅರ್ಜಿ ಹಾಕಿದೆ, ಆದರೆ ಮದ್ಯಪಾನ ಹಾಗೂ ವ್ಯಸನದ ಚಿಕಿತ್ಸೆಯನ್ನು ಹೊರಗಿಡುವ ಷರತ್ತು ಪಾಲಿಸಿಯಲ್ಲಿದೆ ಎಂದು ತಿರಸ್ಕರಿಸಿದರು. ಇಂಥ ಷರತ್ತು ನಮ್ಮ ದೇಶದ ಆರೋಗ್ಯ ಪಾಲಿಸಿಗಳಲ್ಲಿ ಸಾಮಾನ್ಯ. ವಿಮೆಯನ್ನು ನಂಬಿ ಖಾಸಗಿ ಆಸ್ಪತ್ರೆಗೆ ಸೇರಿಸುವವರು ಸೇರಿಸುವ ಮೊದಲೇ ಹೊರಗಿಟ್ಟ ಚಿಕಿತ್ಸೆಗಳ ಪಟ್ಟಿಯನ್ನು ಓದಿಕೊಳ್ಳಬೇಕು.

ಬಿಡುಗಡೆಯ ದಿನ ಮನೆಯವರೆಲ್ಲ ಇನ್ನು ಗುಣವಾಯಿತು ಎಂದುಕೊಂಡರು. ವೈದ್ಯರ ಪ್ರಕಾರ ಅಲ್ಲಿಯವರೆಗೆ ಆಗಿದ್ದು ದೇಹದಿಂದ ಮದ್ಯವನ್ನು ಸುರಕ್ಷಿತವಾಗಿ ಹೊರಹಾಕುವ ಕೆಲಸ ಮಾತ್ರ. ಮತ್ತೆ ಕುಡಿಯದಂತೆ ಬದುಕುವುದನ್ನು ಕಲಿಯುವ ಕೆಲಸ ಇನ್ನೂ ಶುರುವಾಗಬೇಕಾಗಿತ್ತು. ಇಲ್ಲಿಯೇ ನಮಗೆ ದೊಡ್ಡ ಅಡ್ಡಿ ಎದುರಾಯಿತು. ಆಸ್ಪತ್ರೆಯ ಚಿಕಿತ್ಸಾ ಮನಶ್ಶಾಸ್ತ್ರಜ್ಞರ ಹುದ್ದೆ ಖಾಲಿ ಇತ್ತು. ಹೊರಗೆ ವಿಚಾರಿಸಿದರೆ ಒಂದು ಭೇಟಿಗೆ 1,000 ರೂಪಾಯಿಗಿಂತ ಹೆಚ್ಚು, ಅದೂ ವಾರಕ್ಕೊಂದು ಭೇಟಿ. ಖಾಸಗಿಯಾಗಿ ಹೋಗುವವರು ಒಂದು ವಿಷಯ ಗಮನಿಸಿ: ಚಿಕಿತ್ಸಾ ಮನಶ್ಶಾಸ್ತ್ರಜ್ಞರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರುತ್ತದೆ, ಅದನ್ನು ಕೇಳುವುದು ಅಗೌರವವಲ್ಲ. ನಾವು ಮತ್ತೆ 14416ಕ್ಕೆ ಕರೆ ಮಾಡಿ ಬೇರೆ ದಾರಿ ಕೇಳಿದೆವು. ಅದೇ ಡಿಎಂಎಚ್‌ಪಿ ತಂಡದ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರೂ ಆಪ್ತಸಮಾಲೋಚನೆ ಮಾಡುತ್ತಾರೆಂದು ಆಗ ತಿಳಿಯಿತು. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯದ ಅನುದಾನದಿಂದ ಸ್ವಯಂಸೇವಾ ಸಂಸ್ಥೆಗಳು ನಡೆಸುವ ಪುನರ್ವಸತಿ ಕೇಂದ್ರಗಳೂ ಇವೆ. ಅವುಗಳ ವಿಳಾಸವನ್ನು 14446 ಎಂಬ ಇನ್ನೊಂದು ಉಚಿತ ಸಹಾಯವಾಣಿಯಲ್ಲಿ ಕೇಳಬಹುದು. ಎರಡು ಸಂಖ್ಯೆಗಳೂ ಒಂದೇ ಥರ ಇರುವುದರಿಂದ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಸಮಾಜ ಕಾರ್ಯಕರ್ತರು ಬುದ್ಧಿವಾದ ಹೇಳುತ್ತಾರೇನೋ ಎಂದು ಅಣ್ಣ ಹೆದರಿದ್ದ. ಅವರು ಅವನ ವಾರದ ದಿನಚರಿಯನ್ನು ಅವನಿಂದಲೇ ಬರೆಸಿದರು. ಬಾಡಿಗೆ ಹಣ ಕೈಗೆ ಬರುವ ಸಂಜೆ, ಮಂಡಿಯಲ್ಲಿ ಲೋಡ್ ಇಳಿಸಿದ ಮೇಲಿನ ಖಾಲಿ ಹೊತ್ತು, ನೆಂಟರ ಮನೆಯ ತಿಥಿ, ಅಪ್ಪನ ಜಮೀನಿನ ಮಾತು ಬಂದ ರಾತ್ರಿಗಳು, ಹೀಗೆ ಅವನ ಕುಡಿತ ಯಾವ ಯಾವ ಗಳಿಗೆಗೆ ಅಂಟಿಕೊಂಡಿದೆ ಎಂಬುದು ಆ ಹಾಳೆಯ ಮೇಲೆ ಅವನಿಗೇ ಕಾಣಿಸಿತು. ಆ ಮೇಲೆ ಒಂದೊಂದಕ್ಕೂ ಏನು ಮಾಡಬಹುದೆಂದು ಇಬ್ಬರೂ ಕೂತು ಯೋಚಿಸಿದರು. ಬಾಡಿಗೆ ಹಣ ಈಗ ನೇರವಾಗಿ ಅತ್ತಿಗೆಯ ಖಾತೆಗೆ ಬರುತ್ತದೆ. ಇದು ಅಣ್ಣನೇ ಸೂಚಿಸಿದ ಉಪಾಯ. ಹಂಬಲ ಎದ್ದಾಗ ಅದು ಏರಿ, ಸ್ವಲ್ಪ ಹೊತ್ತು ನಿಂತು, ತಾನೇ ಇಳಿಯುತ್ತದೆ, ಆ ಹೊತ್ತನ್ನು ದಾಟಿಸಿದರೆ ಸಾಕು ಎಂದು ಕಲಿಸಿದರು. ಹಸಿವು, ಸಿಟ್ಟು, ಒಂಟಿತನ, ದಣಿವು ಇವುಗಳಲ್ಲಿ ಯಾವುದಿದೆ ಎಂದು ಆಗ ತನ್ನನ್ನೇ ಕೇಳಿಕೊಳ್ಳುವ ಅಭ್ಯಾಸ ಅವನಿಗೆ ನಿಜವಾಗಿ ನೆರವಾಗಿದೆ. ವೈದ್ಯರು ಯಕೃತ್ತಿನ ವರದಿ ನೋಡಿ, ಹಂಬಲ ತಗ್ಗಿಸುವ ನಾಲ್ಟ್ರೆಕ್ಸೋನ್ ಮಾತ್ರೆಯನ್ನೂ ಶುರು ಮಾಡಿದರು. ಲೊರಾಜೆಪಾಮ್ ಪೂರ್ತಿ ನಿಲ್ಲುವವರೆಗೆ ಗಾಡಿ ಓಡಿಸುವಂತಿರಲಿಲ್ಲ, ಆ ದಿನಗಳ ದುಡಿಮೆಯ ನಷ್ಟವನ್ನೂ ಖರ್ಚಿನಲ್ಲಿ ಸೇರಿಸಿಕೊಳ್ಳಬೇಕು.

ಈ ಎಲ್ಲದರ ನಡುವೆ ಅತ್ತಿಗೆಯ ವಿಷಯ ಬೆಳಕಿಗೆ ಬಂತು. ಕುಟುಂಬದವರೂ ಬನ್ನಿ ಎಂದು ಸಮಾಜ ಕಾರ್ಯಕರ್ತರು ಕರೆದಿದ್ದ ದಿನ, ಅಣ್ಣನ ಬಗ್ಗೆ ಕೇಳಿದ ಪ್ರಶ್ನೆಗಳಿಗೆಲ್ಲ ಸರಿಯಾಗಿ ಉತ್ತರಿಸಿದ ಅತ್ತಿಗೆ, ‘ನೀವು ಹೇಗಿದ್ದೀರಮ್ಮ?’ ಎಂಬ ಪ್ರಶ್ನೆಗೆ ಮಾತೇ ಹೊರಡದೆ ಕೂತರು. ಅವರಿಗೆ ತಿಂಗಳುಗಳಿಂದ ನಿದ್ರೆ ಇರಲಿಲ್ಲ, ಊಟ ಸೇರುತ್ತಿರಲಿಲ್ಲ, ಬದುಕಿ ಏನು ಪ್ರಯೋಜನ ಎಂಬ ಯೋಚನೆಯೂ ಬಂದು ಹೋಗುತ್ತಿತ್ತು. ಮನೆಯಲ್ಲಿ ನಾವೆಲ್ಲ ಅವರ ಮೌನವನ್ನು ತಾಳ್ಮೆ ಎಂದು ಕೊಂಡಾಡುತ್ತಿದ್ದೆವು. ಅಂದೇ ಅವರ ಹೆಸರಿನಲ್ಲಿ ಬೇರೆಯೇ ಚೀಟಿ ಮಾಡಿಸಿ ಮನೋವೈದ್ಯರಿಗೆ ತೋರಿಸಿದೆವು. ಖಿನ್ನತೆ ಎಂದು ಗುರುತಿಸಿ ಮಾತ್ರೆ ಕೊಟ್ಟರು, ಅದರ ಪರಿಣಾಮ ಕಾಣಲು ಕೆಲವು ವಾರ ಬೇಕು, ನಡುವೆ ಬಿಡಬೇಡಿ ಎಂದರು, ಆಪ್ತಸಮಾಲೋಚನೆಗೆ ಅವರದೇ ದಿನ ಗೊತ್ತುಮಾಡಿದರು. ಅವರ ಭೇಟಿಯಲ್ಲಿ ಅಣ್ಣನಾಗಲಿ ನಾನಾಗಲಿ ಒಳಗಿರುವುದಿಲ್ಲ, ಅವರು ಹೇಳಿದ್ದನ್ನು ನಮಗೆ ತಿಳಿಸುವುದೂ ಇಲ್ಲ. ‘ಆ ಕೋಣೆಯಲ್ಲಿ ಮಾತ್ರ ನಾನು ಯಾರ ಹೆಂಡತಿಯೂ ಅಲ್ಲ’ ಎಂದು ಅತ್ತಿಗೆ ಒಮ್ಮೆ ಹೇಳಿದರು. ಮನೆಯಲ್ಲಿ ಕುಡಿಯುವವರೊಬ್ಬರಿದ್ದರೆ ಅವರ ಚಿಕಿತ್ಸೆಗೆ ಓಡಾಡುವವರ ಆರೋಗ್ಯವನ್ನೂ ಅದೇ ದಿನ, ಅದೇ ಆಸ್ಪತ್ರೆಯಲ್ಲಿ ವಿಚಾರಿಸಿಕೊಳ್ಳಿ ಎಂದು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಸಾಯುವ ಯೋಚನೆ ಬರುತ್ತಿದ್ದರೆ ಮಂಗಳವಾರಕ್ಕಾಗಿ ಕಾಯದೆ ಆ ಗಳಿಗೆಯಲ್ಲಿಯೇ 14416ಕ್ಕೆ ಕರೆ ಮಾಡಿ ಅಥವಾ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆಗಳ ಬಗ್ಗೆ ಹೇಳಿದವರೂ ಆ ಸಮಾಜ ಕಾರ್ಯಕರ್ತರೇ. 1935ರಲ್ಲಿ ಅಮೆರಿಕದಲ್ಲಿ ಕುಡಿತ ಬಿಡಲು ಹೆಣಗುತ್ತಿದ್ದ ಇಬ್ಬರು ಪರಸ್ಪರ ಆಸರೆಯಾಗಿ ಶುರು ಮಾಡಿದ ಈ ಕೂಟ ಈಗ ನಮ್ಮ ರಾಜ್ಯದ ಹಲವು ಊರುಗಳಲ್ಲಿದೆ, ಕನ್ನಡದಲ್ಲಿಯೇ ಸಭೆಗಳು ನಡೆಯುತ್ತವೆ. ಶುಲ್ಕವಿಲ್ಲ, ಹೆಸರು ದಾಖಲಿಸುವುದಿಲ್ಲ, ಕುಡಿತ ಬಿಡುವ ಬಯಕೆ ಇದ್ದರೆ ಸಾಕು. ಅಣ್ಣ ಮೊದಲ ಸಭೆಯಲ್ಲಿ ಬಾಯಿ ಬಿಡಲಿಲ್ಲ, ಬಲವಂತವನ್ನೂ ಯಾರೂ ಮಾಡಲಿಲ್ಲ. ಅಲ್ಲಿ ಸಿಕ್ಕ ಹಿರಿಯರೊಬ್ಬರು, ಅವರೂ ಒಂದು ಕಾಲದಲ್ಲಿ ಲಾರಿ ಓಡಿಸಿದವರು, ಈಗಲೂ ಸಂಜೆಯ ಹೊತ್ತು ಅವನಿಗೆ ಕರೆ ಮಾಡುತ್ತಾರೆ. ಕುಟುಂಬದವರಿಗಾಗಿ ಅಲ್-ಅನಾನ್ ಎಂಬ ಪ್ರತ್ಯೇಕ ಕೂಟವಿದೆ. ನಮ್ಮ ಜಿಲ್ಲೆಯಲ್ಲಿ ಅದು ನಮಗೆ ಸಿಗಲಿಲ್ಲ. ವೈದ್ಯರು ಕೊಟ್ಟ ಮಾತ್ರೆಗಳನ್ನು ಇಂಥ ಸಭೆಗೆ ಹೋಗುವುದರಿಂದ ನಿಲ್ಲಿಸಬೇಕಾಗಿಲ್ಲ, ಎರಡೂ ಒಟ್ಟಿಗೆ ನಡೆಯಬಹುದು.

ಅಣ್ಣ ಆಮೇಲೆ ಒಮ್ಮೆಯೂ ಕುಡಿಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಗೆಳೆಯನ ಅಂತ್ಯಕ್ರಿಯೆಗೆ ಹೋದ ದಿನ ಕುಡಿದು ಬಂದ. ಮನೆಯಲ್ಲಿ ಗೋಳು ಎದ್ದಿತು, ಎಲ್ಲ ನೀರಿನಲ್ಲಿ ಹೋಮವಾಯಿತು ಎಂದರು ಅಮ್ಮ. ಮರುಕಳಿಕೆ ಈ ಕಾಯಿಲೆಯ ಸ್ವಭಾವದಲ್ಲಿಯೇ ಇದೆ, ಆದರೆ ಅದಾದ ಮೇಲೆ ಎಷ್ಟು ಬೇಗ ಚಿಕಿತ್ಸೆಗೆ ಮರಳುತ್ತೀರಿ ಎಂಬುದು ಮುಖ್ಯ ಎಂದು ನಮಗೆ ಮೊದಲೇ ಹೇಳಿಟ್ಟಿದ್ದರಿಂದ, ಮರುದಿನ ಬೆಳಿಗ್ಗೆಯೇ ಅವನನ್ನು ಕರೆದುಕೊಂಡು ಹೋದೆವು. ಹಳೆಯ ಚೀಟಿಯ ನೋಂದಣಿ ಸಂಖ್ಯೆ ಇದ್ದುದರಿಂದ ಹೊಸದಾಗಿ ಏನನ್ನೂ ಮಾಡಿಸಬೇಕಾಗಲಿಲ್ಲ, ಕಡತ ಅಲ್ಲಿಯೇ ಇತ್ತು. ವೈದ್ಯರು ಬೈಯಲಿಲ್ಲ. ಯಾವ ಗಳಿಗೆಯಲ್ಲಿ ಕೈ ಜಾರಿತು ಎಂದು ಕೇಳಿ, ಆ ವಾರದ ಹಾಳೆಯಲ್ಲಿ ಅಂತ್ಯಕ್ರಿಯೆ ಎಂಬ ಹೊಸ ಸಾಲು ಸೇರಿಸಿ, ಮುಂದೆ ಅಂಥಲ್ಲಿಗೆ ಹೋಗುವಾಗ ಜೊತೆಗೆ ಯಾರು ಇರಬೇಕೆಂದು ಅವನಿಂದಲೇ ಬರೆಸಿದರು. ಅವನು ಬರೆದದ್ದು ಅತ್ತಿಗೆಯ ಹೆಸರು. ಅತ್ತಿಗೆ ಅದನ್ನು ಓದಿ, ಆ ದಿನ ತನಗೆ ಆಗುತ್ತದೋ ಇಲ್ಲವೋ ಆಗ ಹೇಳುತ್ತೇನೆ ಎಂದರು. ಸಮಾಜ ಕಾರ್ಯಕರ್ತರು ಎರಡನೆಯ ಹೆಸರಾಗಿ ನನ್ನದನ್ನು ಸೇರಿಸಿಕೊಂಡರು.